ಉಚಿತ ಆಟಕ್ಕೂ ಬೆಲೆಪಟ್ಟಿ ಬೇಕು

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮಾರುವ ಬಿಸ್ಕತ್ ಪೊಟ್ಟಣದ ಮೇಲೂ ತೂಕ ಮತ್ತು ಗರಿಷ್ಠ ಮಾರಾಟ ಬೆಲೆ ಮುದ್ರಿತವಾಗಿರಬೇಕು, ಅದು ಕಾನೂನು. ಅದೇ ಬಡಾವಣೆಯ ಹದಿಮೂರರ ಬಾಲಕ ಮೊಬೈಲಿನ ‘ಉಚಿತ’ ಆಟದಲ್ಲಿ ತೆರುವ ಹಣಕ್ಕೆ ಅಂಥ ಅಳತೆಗೋಲಿಲ್ಲ.

ಪಾತ್ರಧಾರಿಯಾಗಿ ಆಡುವ ಇಂಥ ಆಟಗಳ ಅರ್ಥಶಾಸ್ತ್ರ ಸರಳ. ಬಹುಪಾಲು ಆಟಗಾರರು ಕಾಸು ಬಿಚ್ಚುವುದಿಲ್ಲ. ವರಮಾನ ಬರುವುದು ತಾಳ್ಮೆಗೆಟ್ಟ ಕೆಲವರಿಂದ. ಆದ್ದರಿಂದ ತಾಳ್ಮೆ ಕೆಡಿಸುವಂತೆಯೇ ಆಟವನ್ನು ಹೆಣೆಯಲಾಗುತ್ತದೆ: ಗಂಟೆಗಟ್ಟಲೆ ಒಂದೇ ಕೆಲಸ, ದಿನವೂ ಹಾಜರಿ, ಗಡುವು ಮೀರಿದರೆ ಕೈತಪ್ಪುವ ನಾಯಕಪಾತ್ರ. ರೂಪಾಯಿ ಹರಳಾಗಿ, ಹರಳು ರತ್ನವಾಗಿ, ರತ್ನ ಅದೃಷ್ಟದ ಚೀಟಿಯಾಗುವ ಹೊತ್ತಿಗೆ ಖರ್ಚಿನ ಲೆಕ್ಕ ಹಿಡಿಯಲು ಅರ್ಥಶಾಸ್ತ್ರದ ಎಂ.ಎ. ಪದವಿಯೂ ಸಾಲದು.

‘ಗೆನ್‌ಶಿನ್ ಇಂಪ್ಯಾಕ್ಟ್’ ಆಟದ ಪ್ರಕಾಶಕರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪವೂ ಇದೇ ಬಗೆಯದು. 2025ರ ಜನವರಿಯಲ್ಲಿ ಅವರು 2 ಕೋಟಿ ಡಾಲರ್ ತೆರಲು, ಪೋಷಕರ ಒಪ್ಪಿಗೆಯಿಲ್ಲದೆ 16 ವರ್ಷದೊಳಗಿನವರಿಗೆ ಅದೃಷ್ಟದ ಪೆಟ್ಟಿಗೆ ಮಾರದಿರಲು ಒಪ್ಪಿದರು. ಬೆಲ್ಜಿಯಂ 2018ರಲ್ಲೇ ಹಣಕ್ಕೆ ಮಾರುವ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು.

ನಮ್ಮಲ್ಲಿ ಆಗಿರುವುದೇನು? ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಮುಖ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳ ಕಾಯ್ದೆಯನ್ನು ಅಂಗೀಕರಿಸಿತು. ಎರಡರ ದೃಷ್ಟಿಯೂ ಮುಖ್ಯವಾಗಿ ಪಣವೊಡ್ಡಿ ಲಾಭ ಗೆಲ್ಲುವ ಆಟದ ಮೇಲೆ. ಗೆದ್ದರೂ ಕಾಸು ಬಾರದ, ಸೋತರೆ ಮಾತ್ರ ಹೋಗುವ ಆಟದ ಬಗ್ಗೆ ಸ್ಪಷ್ಟ ಮಾತಿಲ್ಲ.

ಹಾಗೆಂದು ಆಟವನ್ನೇ ನಿಷೇಧಿಸುವುದು ಪರಿಹಾರವಲ್ಲ. 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿತವಾದ ಪಬ್‌ಜಿ ಮರುವರ್ಷ ಹೊಸ ಹೆಸರಿನಲ್ಲಿ ಮರಳಿತು. ಪೋಷಕರು ಎಚ್ಚರ ವಹಿಸಬೇಕೆಂಬುದು ನಿಜ. ಪಾವತಿಯ ಗುಪ್ತಸಂಖ್ಯೆಯನ್ನು ಮಕ್ಕಳ ಕೈಗೆ ಕೊಡಬಾರದು. ಆದರೆ ಕಳೆದುಹೋಗುವುದು ಹಣವಷ್ಟೇ ಅಲ್ಲ, ನಿದ್ದೆ ಮತ್ತು ಓದು ಕೂಡ. ತಂತ್ರಜ್ಞಾನದ ಅತಿಬಳಕೆಗೆಂದು ನಿಮ್ಹಾನ್ಸ್ 2014ರಲ್ಲೇ ‘ಶಟ್’ ಕ್ಲಿನಿಕ್ ತೆರೆಯಬೇಕಾಯಿತು. ಅದು ಇದೇ ದಕ್ಷಿಣ ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿದೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 13 ಬಗೆಯ ವಂಚಕ ವಿನ್ಯಾಸಗಳನ್ನು ಪಟ್ಟಿಮಾಡಿ ನಿಷೇಧಿಸಿದೆ. ಅದನ್ನು ಆಟಗಳಿಗೂ ಬಿಗಿಯಾಗಿ ಅನ್ವಯಿಸಲಿ. ಪ್ರತಿ ಚೀಟಿಯ ಬೆಲೆ ರೂಪಾಯಿಯಲ್ಲೇ ಕಾಣಿಸಲಿ. ಗೆಲ್ಲುವ ಸಾಧ್ಯತೆ ನೂರಕ್ಕೆ ಎಷ್ಟೆಂಬುದು ಹಣ ಕಟ್ಟುವ ಮೊದಲೇ ತಿಳಿಯಲಿ. ಅಪ್ರಾಪ್ತರ ವೆಚ್ಚಕ್ಕೆ ಪೋಷಕರ ಒಪ್ಪಿಗೆ ಮತ್ತು ಮಾಸಿಕ ಮಿತಿ ಇರಲಿ. ಇದರಿಂದ ಪ್ರಾಮಾಣಿಕ ವ್ಯಾಪಾರಿಗೆ ನಷ್ಟವೇನಿಲ್ಲ. ಬೆಲೆ ಹೇಳಲು ಹಿಂಜರಿಯುವವನ ಸರಕನ್ನು ಉಚಿತವೆಂದು ಕರೆಯಲು ಸರ್ಕಾರ ಅವಕಾಶ ಕೊಡಬಾರದು.