ಬೇರಿನ ಸತ್ವವೂ ರೋಗಿಯ ಪ್ರಾಣವೂ

ಇಂಥ ಗಿಡದ ಬೇರಿನ ಸತ್ವವು ಕ್ಯಾನ್ಸರಿನ ಜೀವಕೋಶಗಳನ್ನು ನಾಶಪಡಿಸಿತೆಂಬ ವರ್ತಮಾನವು ಆಗಾಗ್ಗೆ ಪ್ರಕಟವಾಗುತ್ತಿರುವುದನ್ನು ನಮ್ಮ ವಾಚಕರು ಬಲ್ಲರು. ವರ್ತಮಾನವು ನಿಜವೇ ಇರಬಹುದು. ಆದರೆ ಅಷ್ಟರಿಂದಲೇ ರೋಗಕ್ಕೆ ಮದ್ದು ದೊರೆಯಿತೆಂದು ಭಾವಿಸುವುದು ಸಾಧುವಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳನ್ನು ಕೊಲ್ಲಲು ಯಾವ ವಿಷವಾದರೂ ಸಾಕು. ಆ ಸತ್ವವು ಆರೋಗ್ಯವಂತ ಕೋಶಗಳನ್ನು ಉಳಿಸುವುದೇ, ರಕ್ತದೊಡನೆ ಸಾಗಿ ಗಡ್ಡೆಯನ್ನು ಮುಟ್ಟುವುದೇ, ಎಷ್ಟು ಪ್ರಮಾಣದಲ್ಲಿ ಕೊಟ್ಟರೆ ರೋಗಿಯು ತಾಳಿಯಾನು ಎಂಬ ಪ್ರಶ್ನೆಗಳಿಗೆ ತಟ್ಟೆಯು ಉತ್ತರ ಹೇಳಲಾರದು.

ಈ ವಿಷಯದಲ್ಲಿ ಹಿಮಾಲಯದ ಬನ್‌ಕಕಡಿಯ ಚರಿತ್ರೆಯು ಬೋಧಪ್ರದವಾಗಿದೆ. ಈ ಮೂಲಿಕೆಯ ಬೇರಿನಲ್ಲಿಯೂ, ಇದರ ಜ್ಞಾತಿಯಾದ ಅಮೆರಿಕದ ಗಿಡದ ಬೇರಿನಲ್ಲಿಯೂ ಪೊಡೊಫಿಲೊಟಾಕ್ಸಿನ್ ಎಂಬ ವಸ್ತುವಿದೆ. 1880ರಲ್ಲಿಯೇ ಅದನ್ನು ಶುದ್ಧವಾಗಿ ಬೇರ್ಪಡಿಸಿದರು. ಅದು ಜೀವಕೋಶಗಳ ವಿಭಜನೆಯನ್ನು ತಡೆಯುವುದೆಂಬುದು 1940ರ ದಶಕದಲ್ಲಿ ತಿಳಿದುಬಂದಿತು. ಆದರೂ ರೋಗಿಗೆ ಕೊಡುವಾಗ ಅದರ ವಿಷವೇ ಅಡ್ಡಿಯಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಸಂಸ್ಥೆಯ ರಸಾಯನಜ್ಞರು ಅದರ ರಚನೆಯನ್ನು ಪರಿಪರಿಯಾಗಿ ಮಾರ್ಪಡಿಸಿ, 1966ರಲ್ಲಿ ಎಟೊಪೊಸೈಡ್ ಎಂಬ ಔಷಧವನ್ನು ಸಿದ್ಧಪಡಿಸಿದರು. ವಿಚಿತ್ರವೆಂದರೆ, ಇದು ಕೋಶವನ್ನು ಕೊಲ್ಲುವ ಬಗೆಯೇ ಮೂಲವಸ್ತುವಿನ ಬಗೆಗಿಂತ ಬೇರೆ. ರೋಗಿಗಳಲ್ಲಿ ಪರೀಕ್ಷೆಗಳು ನಡೆದು ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತುದು 1983ರಲ್ಲಿ. ಶುದ್ಧವಸ್ತುವಿನಿಂದ ಔಷಧದವರೆಗೆ ನೂರಕ್ಕೂ ಮಿಕ್ಕಿದ ವರ್ಷಗಳು ಸಂದವು! ವೃಷಣ ಮತ್ತು ಶ್ವಾಸಕೋಶಗಳ ಕೆಲವು ಬಗೆಯ ಕ್ಯಾನ್ಸರಿಗೆ ಇಂದು ವೈದ್ಯರು ಅದನ್ನು ಕೊಡುತ್ತಾರೆ. ಅದೂ ರಕ್ತವನ್ನು ಪದೇ ಪದೇ ಪರೀಕ್ಷಿಸುತ್ತ.

ಹೀಗಿರಲು, ಬೇರಿನ ಪುಡಿಯನ್ನು ಪೊಟ್ಟಣ ಕಟ್ಟಿ ಕ್ಯಾನ್ಸರಿಗೆ ರಾಮಬಾಣವೆಂದು ಮಾರುವವರ ಮಾತಿಗೆ ಏನು ಬೆಲೆ? ಶಸ್ತ್ರಕ್ರಿಯೆಯಿಂದ ತೆಗೆದುಹಾಕಬಹುದಾಗಿದ್ದ ಗಡ್ಡೆಯು, ಪುಡಿಯನ್ನು ನಂಬಿ ಕಳೆದ ತಿಂಗಳುಗಳಲ್ಲಿ ಕೈಮೀರಿ ಹೋಗುತ್ತದೆ. ಹಣ ಹೋದರೆ ಮರಳಿ ಗಳಿಸಬಹುದು. ಹೋದ ಕಾಲವನ್ನು ಗಳಿಸುವಂತಿಲ್ಲ. ಕ್ಯಾನ್ಸರನ್ನು ಗುಣಪಡಿಸುವುದಾಗಿ ಜಾಹೀರಾತು ಮಾಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಅದನ್ನು ಜಾರಿಗೆ ತರುವುದು ಅಧಿಕಾರಿಗಳ ಕರ್ತವ್ಯ. ತಟ್ಟೆಯ ಫಲವನ್ನು ತಟ್ಟೆಯ ಫಲವೆಂದೇ ಅಚ್ಚುಹಾಕುವುದು ಪತ್ರಿಕೆಗಳ ಕರ್ತವ್ಯ.

ಇದು ನಮ್ಮ ಮೂಲಿಕೆಗಳ ಅವಹೇಳನವೆಂದು ಯಾರೂ ಭಾವಿಸಬಾರದು. ನಮ್ಮ ಬೆಟ್ಟಗಳ ಬೇರುಗಳಲ್ಲಿ ಇನ್ನೂ ಎಷ್ಟೋ ಸತ್ವಗಳು ಅಡಗಿರಬಹುದು. ಬೇರ್ಪಡಿಸಿ, ಅಳೆದು, ಪರೀಕ್ಷಿಸಿ, ಫಲಿಸದಿದ್ದರೆ ಫಲಿಸಲಿಲ್ಲವೆಂದು ಒಪ್ಪಿಕೊಳ್ಳುವ ತಾಳ್ಮೆಯೇ ಅವುಗಳಿಗೆ ಸಲ್ಲತಕ್ಕ ನಿಜವಾದ ಗೌರವವೆಂದು ನಾವು ಭಾವಿಸುತ್ತೇವೆ.