ಹತ್ತಿರದ ದಾರಿ, ಬೇಗದ ದಾರಿ

ಓಟದ ಪಂದ್ಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಸುಣ್ಣದ ಗೆರೆ ಎಳೆದ ಮೈದಾನ. ಅಲ್ಲಿ ಓಟಗಾರನು ದಾರಿಯ ಕುರಿತು ಯೋಚಿಸಬೇಕಾದ ಪ್ರಮೇಯವಿಲ್ಲ. ಕಾಲಿಗೆ ಬಲವೂ ಎದೆಗೆ ಉಸಿರೂ ಇದ್ದರೆ ಸಾಕು. ಆದರೆ ದಾರಿಯನ್ನೇ ತೋರಿಸದೆ, ಕೈಗೊಂದು ನಕಾಶೆ ಕೊಟ್ಟು ಕಾಡಿಗೆ ಅಟ್ಟುವ ಓಟವೂ ಒಂದುಂಟು. ಓರಿಯೆಂಟೀರಿಂಗ್ ಎಂಬುದು ಅದರ ಹೆಸರು. ಅದರಲ್ಲಿ ಜನರು ದಾರಿಯನ್ನು ಆರಿಸುವ ಬಗೆಯನ್ನೂ ತಪ್ಪುವ ಬಗೆಯನ್ನೂ ಈ ತಿಂಗಳು ವಾಚಕರ ಮುಂದಿಡುತ್ತಿದ್ದೇವೆ.

ಈ ಹೆಸರು ಸ್ವೀಡನ್ನಿನ ಕಾರ್ಲ್‌ಬರ್ಗ್ ಸೈನಿಕ ವಿದ್ಯಾಲಯದಲ್ಲಿ 1886ರಲ್ಲಿ ಬಳಕೆಗೆ ಬಂದಿತು. ಅಪರಿಚಿತ ನೆಲವನ್ನು ನಕಾಶೆ, ದಿಕ್ಸೂಚಿಗಳ ನೆರವಿನಿಂದ ದಾಟುವುದೆಂಬುದೇ ಅದರ ಅರ್ಥ. ಸಾರ್ವಜನಿಕರಿಗಾಗಿ ಮೊದಲ ಪಂದ್ಯ ನಡೆದುದು 1897ರ ಅಕ್ಟೋಬರ್ 31ರಂದು, ನಾರ್ವೆಯಲ್ಲಿ, ಇಂದಿನ ಓಸ್ಲೋ ನಗರದ ಬಳಿ. 1961ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. 1966ರಲ್ಲಿ ಫಿನ್ಲೆಂಡಿನ ಫಿಸ್ಕಾರ್ಸ್‌ನಲ್ಲಿ ಮೊದಲ ವಿಶ್ವ ಸ್ಪರ್ಧೆ ಜರುಗಿತು.

ನಿಯಮಗಳು ಸರಳ. ನಕಾಶೆಯಲ್ಲಿ ಹೊರಡುವ ಸ್ಥಳಕ್ಕೊಂದು ತ್ರಿಕೋನ, ಮುಟ್ಟಬೇಕಾದ ಎಡೆಗಳಿಗೆ ಅಂಕೆ ಹಾಕಿದ ವೃತ್ತಗಳು, ಮುಕ್ತಾಯಕ್ಕೆ ಜೋಡಿ ವೃತ್ತ. ನೆಲದ ಮೇಲೆ ಆ ಎಡೆಗಳಲ್ಲಿ ಕಿತ್ತಳೆ ಮತ್ತು ಬಿಳಿ ಬಣ್ಣದ ಗುರುತು ತೂಗುತ್ತಿರುತ್ತದೆ. ಮುಟ್ಟುವ ಕ್ರಮ ಕಡ್ಡಾಯ; ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಮಾತ್ರ ಓಟಗಾರನ ಇಚ್ಛೆ. ಹೊರಡುವ ಗಳಿಗೆಯವರೆಗೆ ನಕಾಶೆಯನ್ನು ನೋಡುವಂತಿಲ್ಲ. ದಾರಿ ಹೇಳುವ ಫೋನು ಎಲ್ಲರ ಕಿಸೆಯಲ್ಲಿರುವ ಈ ಕಾಲದಲ್ಲಿಯೂ ಅಂಥ ಸಾಧನದಿಂದ ದಾರಿ ಕೇಳುವುದು ಅಲ್ಲಿ ನಿಷಿದ್ಧ. ನಕಾಶೆಯ ಬಣ್ಣಗಳಲ್ಲೊಂದು ವಿಚಿತ್ರವಿದೆ: ಬಿಳಿಯೆಂದರೆ ಬಯಲೆಂದು ನಾವು ಭಾವಿಸುವೆವಷ್ಟೆ? ಅಲ್ಲಿ ಬಿಳಿಯೆಂದರೆ ಸರಾಗವಾಗಿ ಓಡಬಹುದಾದ ಕಾಡು. ಬಯಲಿಗೆ ಹಳದಿ. ಹಸಿರು ಗಾಢವಾದಷ್ಟೂ ಪೊದೆ ದಟ್ಟ, ನಡೆ ನಿಧಾನ.

ಇನ್ನು ದಾರಿಯ ಆಯ್ಕೆ. ಎರಡು ವೃತ್ತಗಳ ನಡುವೆ ನೇರ ಗೆರೆಯೊಂದು ಎಳೆದಿರುತ್ತದೆ. ಹೊಸಬನ ಕಣ್ಣು ಆ ಗೆರೆಗೇ ಅಂಟಿಕೊಳ್ಳುತ್ತದೆ. ನಡುವೆ ಗುಡ್ಡವಿದ್ದರೆ ಹತ್ತಿ ಇಳಿಯಬೇಕೋ, ಬಳಸಿ ಹೋಗಬೇಕೋ? ಸ್ಕಾಟ್ಲೆಂಡಿನ ವಿಲಿಯಂ ನೇಯ್‌ಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾನೆ. ನಕಾಶೆಯ ಮೇಲಿನ ಪ್ರತಿ 3 ಮೈಲಿಗೆ ಒಂದು ಗಂಟೆ. ಏರಬೇಕಾದ ಪ್ರತಿ 2,000 ಅಡಿಗೆ ಮತ್ತೊಂದು ಗಂಟೆ. ಅಂದರೆ ಒಂದು ಅಡಿ ಏರುವುದು ಸಮನೆಲದಲ್ಲಿ ಸುಮಾರು 8 ಅಡಿ ನಡೆದುದಕ್ಕೆ ಸಮ. ಇದು ನಡೆಯುವವರ ಲೆಕ್ಕವಾದರೂ ಓಡುವವರಿಗೂ ಅಂದಾಜಿಗೆ ಸಾಕು. ನೇರ ದಾರಿ 800 ಮೀಟರು, ಏರು 60 ಮೀಟರು ಎಂದುಕೊಳ್ಳೋಣ: 800ಕ್ಕೆ 480 ಸೇರಿ 1,280 ಆಯಿತು. ಬಳಸು ದಾರಿ 1,100 ಮೀಟರು, ಏರು 10 ಮೀಟರು: ಅದು 1,180. ಬಳಸಿದವನೇ ಮುಂದೆ. ನೀಲಗಿರಿಯ, ವಯನಾಡಿನ ನಮ್ಮ ಓದುಗರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ತಲೆಹೊರೆ ಹೊತ್ತ ಹಿರಿಯರು ಗುಡ್ಡದ ಸೊಂಟವನ್ನು ಸುತ್ತಿ ಹೋಗುವುದನ್ನು ಅವರು ಕಂಡವರು. ಸೊಲ್ಲಾಪುರದ ಬಯಲಿನವರು ಬೇಕಾದರೆ ಗುಣಿಸಿ ನೋಡಲಿ.

ಆದರೆ ಬೇಗದ ದಾರಿಯೇ ಒಳ್ಳೆಯ ದಾರಿ ಎನ್ನುವಂತಿಲ್ಲ. ಗುರುತಿನ ಸಮೀಪದವರೆಗೆ ತಪ್ಪದೆ ಮುಟ್ಟಿಸುವ ಬಂಡೆ, ಬೇಲಿಯ ಮೂಲೆ, ಕಾಲುದಾರಿಯ ಕವಲು ಯಾವ ದಾರಿಯಲ್ಲಿದೆಯೋ ಅದನ್ನು ಅನುಭವಿಗಳು ಹಿಡಿಯುತ್ತಾರೆ. ಅರ್ಧ ನಿಮಿಷ ಹೆಚ್ಚಾದರೂ ಚಿಂತಿಸುವುದಿಲ್ಲ. ಏಕೆಂದರೆ ಕೊನೆಯ ನೂರು ಮೀಟರಿನಲ್ಲಿ ಹುಡುಕಾಟಕ್ಕೆ ಬಿದ್ದರೆ ಹೋಗುವುದು ಅರ್ಧ ನಿಮಿಷವಲ್ಲ, ಐದಾರು ನಿಮಿಷ. ಇನ್ನೊಂದು ಜಾಣತನ ನಮಗೆ ಬಹಳ ಹಿಡಿಸಿತು. ತೊರೆಯ ದಂಡೆಯ ಒಂದು ಎಡೆಗೆ ಹೋಗಬೇಕಾಗಿದೆ ಎನ್ನಿ. ನೇರವಾಗಿ ಅಲ್ಲಿಗೇ ಗುರಿಯಿಟ್ಟು ಓಡಿ ತೊರೆ ಮುಟ್ಟಿದಾಗ ಗುರುತು ಕಾಣದಿದ್ದರೆ ಎಡಕ್ಕೆ ತಿರುಗಬೇಕೋ ಬಲಕ್ಕೋ ತಿಳಿಯದು. ಬಲ್ಲವನು ಬೇಕೆಂದೇ ತುಸು ಎಡಕ್ಕೆ ಗುರಿಯಿಡುತ್ತಾನೆ. ತೊರೆ ಸಿಕ್ಕೊಡನೆ ಬಲಕ್ಕೆ ತಿರುಗಿದರಾಯಿತು. ಇದು ಲೆಕ್ಕ ಹಾಕಿ ತಪ್ಪುವ ವಿದ್ಯೆ!

ಲೆಕ್ಕವಿಲ್ಲದೆ ತಪ್ಪುವುದರ ಬಗೆಗಳು ಹಲವು. ದಿಕ್ಸೂಚಿಯನ್ನು ತಿರುಗುಮುರುಗಾಗಿ ಹಿಡಿದು, ಉತ್ತರವೆಂದು ದಕ್ಷಿಣಕ್ಕೆ ಓಡುವವರುಂಟು. ಅವರು ಬಹುಬೇಗ ತಮ್ಮ ತಪ್ಪನ್ನು ಕಂಡುಕೊಳ್ಳುತ್ತಾರೆ. ಮುಂದಿರುವವನ ಬೆನ್ನು ಹಿಡಿದು ಹೋಗುವುದು ಮತ್ತೊಂದು. ಕುರುಡನ ಕೈಯನ್ನು ಕುರುಡ ಹಿಡಿದ ಹಾಗೆ ಇಬ್ಬರೂ ಹಳ್ಳಕ್ಕೆ ಬೀಳಬಹುದು. ರಿಲೇ ಪಂದ್ಯಗಳಲ್ಲಂತೂ ಒಬ್ಬೊಬ್ಬರಿಗೆ ಬೇರೆ ಬೇರೆ ಗುರುತುಗಳನ್ನು ಕೊಟ್ಟಿರುವುದರಿಂದ, ಹಿಂಬಾಲಿಸಿದವನು ಮುಟ್ಟುವುದು ಪರರ ಗುರುತನ್ನು. ಅದಕ್ಕಾಗಿಯೇ ಪ್ರತಿ ಗುರುತಿಗೂ ಸಂಖ್ಯೆಯೊಂದುಂಟು; ಸರದಿಯ ಅಂಕೆಯೊಡನೆ ಗೊಂದಲವಾಗದಿರಲೆಂದು ಆ ಸಂಖ್ಯೆಗಳು 31ರಿಂದ ಆರಂಭವಾಗುತ್ತವೆ.

ಇವೆಲ್ಲಕ್ಕಿಂತ ದುಬಾರಿಯಾದುದು ಜೋಡಿ ಕಣಿವೆಯ ತಪ್ಪು. ದಿಕ್ಕು 5 ಅಂಶ ಸರಿದರೆ 500 ಮೀಟರು ಓಡುವಷ್ಟರಲ್ಲಿ ಸುಮಾರು 44 ಮೀಟರು ಪಕ್ಕಕ್ಕೆ ಹೋಗಿರುತ್ತೇವೆ. ಅಲ್ಲಿ ಕಾಣುವುದೂ ಒಂದು ಕಣಿವೆಯೇ. ಅದರ ತಳದಲ್ಲಿಯೂ ತೊರೆ, ಎದುರಿಗೂ ಒಂದು ದಿಣ್ಣೆ. ಓಟಗಾರನಿಗೆ ಸಂಶಯವೇ ಬಾರದು. ನಕಾಶೆಯಲ್ಲಿ ಇಲ್ಲದ ಬಂಡೆ ಎದುರಾದರೆ ‘ನಕಾಶೆ ಬರೆದವರು ಬಿಟ್ಟಿರಬೇಕು’ ಎನ್ನುತ್ತಾನೆ; ಇರಬೇಕಾದ ಕಾಲುದಾರಿ ಕಾಣದಿದ್ದರೆ ‘ಹುಲ್ಲು ಮುಚ್ಚಿರಬೇಕು’ ಎನ್ನುತ್ತಾನೆ. ನೆಲವು ಮೂರು ಬಾರಿ ಅಲ್ಲವೆಂದರೂ ಮನಸ್ಸು ಮೂರು ಬಾರಿ ಹೌದೆನಿಸಿಕೊಳ್ಳುತ್ತದೆ. ತಪ್ಪು ಬಯಲಾಗುವುದು ಗುರುತು ಸಿಗದಿದ್ದಾಗ. ಅದು ನಡೆದದ್ದೋ ಬಹಳ ಹಿಂದೆ. ಮೇಲುಮಟ್ಟದ ಓಟಗಾರರೂ ಇದಕ್ಕೆ ಹೊರತಲ್ಲ. ಅವರಲ್ಲಿರುವ ವಿಶೇಷವೆಂದರೆ, ಮೊದಲ ಬಂಡೆ ಹೊಂದಿಕೆಯಾಗದಾಗಲೇ ನಿಲ್ಲುತ್ತಾರೆ. ನಿಂತು, ಖಚಿತವಾಗಿ ಬಲ್ಲ ಕೊನೆಯ ಎಡೆಗೆ ಹಿಂದಿರುಗುತ್ತಾರೆ. ಓಟದಲ್ಲಿ ಹಿಂದಕ್ಕೆ ಓಡುವುದಕ್ಕೆ ಎಷ್ಟು ಎದೆಗಾರಿಕೆ ಬೇಕೆಂಬುದನ್ನು ವಾಚಕರು ಊಹಿಸಬಲ್ಲರು.

ಏನೂ ಆಧಾರವಿಲ್ಲದೆ ನೇರ ನಡೆಯಬಲ್ಲೆನೆಂಬ ನಂಬಿಕೆ ಇದ್ದವರಿಗೆ ಜರ್ಮನಿಯ ಟ್ಯೂಬಿಂಗೆನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2009ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೆನಪಿಸಬೇಕು. ಕಾಡಿನಲ್ಲಿ ಜನರನ್ನು ಬಿಟ್ಟು, ನೇರ ನಡೆಯಿರೆಂದು ಹೇಳಲಾಯಿತು. ಸೂರ್ಯ ಕಂಡ ದಿನ ನಡೆದವರು ಹೆಚ್ಚುಕಡಿಮೆ ನೇರ ನಡೆದರು. ಮೋಡ ಮುಚ್ಚಿದ ದಿನ ನಡೆದವರು, ತಮಗೆ ಅರಿವಿಲ್ಲದೆ, ತಾವು ತುಳಿದ ದಾರಿಯನ್ನೇ ಮತ್ತೆ ದಾಟಿದರು. ಒಂದು ಕಾಲು ಗಿಡ್ಡವೆಂಬ ಹಳೆಯ ವಿವರಣೆ ಇದಕ್ಕೆ ಒಪ್ಪಲಿಲ್ಲ. ಅದೇ ವ್ಯಕ್ತಿ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಸುತ್ತುತ್ತಿದ್ದನು. ದಿಕ್ಕಿನ ಅಂದಾಜಿನಲ್ಲಿ ಹೆಜ್ಜೆ ಹೆಜ್ಜೆಗೂ ಸೇರುವ ಸಣ್ಣ ತಪ್ಪುಗಳೇ ಕಾರಣವೆಂದು ಸಂಶೋಧಕರು ತರ್ಕಿಸಿದರು. ಮಲೆನಾಡಿನಲ್ಲಿ ಬಳ್ಳಿ ದಾಟಿ ದಾರಿ ತಪ್ಪಿದರೆಂದು ಹೇಳುವ ಕಥೆಗಳನ್ನು ಇನ್ನು ಮುಂದೆ ನಾವು ತುಸು ಗೌರವದಿಂದ ಕೇಳುವವರಿದ್ದೇವೆ.

ಪಂದ್ಯ ಮುಗಿದ ಮೇಲೆ ಈ ಓಟಗಾರರು ಮಾಡುವ ಕೆಲಸವೊಂದು ಮನೆಮಕ್ಕಳಿಗೂ ಹೇಳುವಂಥದು. ಗೆದ್ದವನೂ ಸೋತವನೂ ಜೊತೆಗೆ ಕುಳಿತು, ತಾವು ಓಡಿದ ದಾರಿಯನ್ನು ನಕಾಶೆಯ ಮೇಲೆ ಬರೆದು, ಯಾವ ಗುರುತಿನ ಬಳಿ ಎಷ್ಟು ನಿಮಿಷ ಹೋಯಿತೆಂದು ಒಬ್ಬರಿಗೊಬ್ಬರು ತೋರಿಸುತ್ತಾರೆ. ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಗನಿಂದ ಊರಿನ ನಕಾಶೆ ಬರೆಸಿ ನೋಡಿರಿ. ನಿತ್ಯ ಹೋಗುವ ದಾರಿಯಲ್ಲೇ ಎಷ್ಟು ತಿರುವುಗಳು ಬಿಟ್ಟುಹೋಗುತ್ತವೆಂದು ತಿಳಿಯುತ್ತದೆ.

ದಾರಿಯ ಆಯ್ಕೆಯೆಂದರೆ ನಿಮಿಷಗಳ ಲೆಕ್ಕವಷ್ಟೇ ಅಲ್ಲವೆಂಬುದಕ್ಕೆ ಈ ಕ್ರೀಡೆಯ ಇತಿಹಾಸದಲ್ಲಿ ಒಂದು ಪ್ರಸಂಗವಿದೆ. 2009ರಲ್ಲಿ ಹಂಗೇರಿಯ ಮಿಷ್ಕೋಲ್ಟ್ಸ್‌ನಲ್ಲಿ ವಿಶ್ವ ಸ್ಪರ್ಧೆ. ಪುರುಷರ ರಿಲೇಯ ಕೊನೆಯ ಸುತ್ತು. ಮುಂದಿದ್ದವರ ಸಾಲಿನಲ್ಲಿದ್ದ ಸ್ವೀಡನ್ನಿನ ಮಾರ್ಟಿನ್ ಯೋಹಾನ್ಸನ್‌ರ ತೊಡೆಗೆ ಮರದ ಕಡ್ಡಿಯೊಂದು ಆಳವಾಗಿ ನಾಟಿತು. ಫ್ರಾನ್ಸಿನ ತಿಯೆರಿ ಗಿಯೋರ್ಗಿಯು, ನಾರ್ವೆಯ ಆಂಡರ್ಸ್ ನೂರ್ಡ್‌ಬರ್ಗ್, ಚೆಕ್ ದೇಶದ ಮಿಖಾಲ್ ಸ್ಮೋಲಾ ಮೂವರೂ ಪದಕದ ಹಾದಿಯಲ್ಲಿದ್ದವರು. ಮೂವರೂ ನಿಂತರು. ಗಾಯಾಳುವಿನ ಆರೈಕೆಗೂ, ಕಾಡಿನೊಳಕ್ಕೆ ನೆರವು ತರಿಸುವುದಕ್ಕೂ ತೊಡಗಿದರು. ಅಂಥ ಎಡೆಗೆ ವೈದ್ಯರನ್ನು ಕರೆತರಬೇಕಾದರೆ ತಾನು ಎಲ್ಲಿದ್ದೇನೆಂಬುದು ಗೆಲ್ಲುವುದಕ್ಕೆ ಬೇಕಾದುದಕ್ಕಿಂತಲೂ ಸ್ಪಷ್ಟವಾಗಿ ತಿಳಿದಿರಬೇಕು. ಚಿನ್ನ ಸ್ವಿಟ್ಜರ್ಲೆಂಡಿಗೆ ಹೋಯಿತು. ಆ ಮೂವರು ಬಹಳ ಹಿಂದೆ ಬಿದ್ದು ಮುಕ್ತಾಯ ಮುಟ್ಟಿದರು; ಯೋಹಾನ್ಸನ್ ಗುಣವಾಗಿ ಮತ್ತೆ ಓಟಕ್ಕೆ ಮರಳಿದರು.