ದೀಪದ ಬುಡದಲ್ಲಿ ಓದುವವರು

ಮನೆಯ ದೀಪಗಳನ್ನು ಬದಲಿಸುವುದೆಂದರೆ ಈಗ ಬಹುಮಟ್ಟಿಗೆ ಚಾವಣಿಯ ತೂತುಗಳನ್ನು ಮತ್ತೆ ತುಂಬುವ ಕೆಲಸ. ಮುಂಬಯಿಯ ಉಪನಗರಗಳಲ್ಲಿ ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಫಾಲ್ಸ್ ಸೀಲಿಂಗ್ ಹಾಕಿಸಿದ ಅನೇಕ ಫ್ಲ್ಯಾಟುಗಳಲ್ಲಿ ಈ ದುಂಡು ತೂತುಗಳ ಸಾಲು ಇದೆ. ಅವುಗಳೊಳಗೆ ಹುದುಗಿಸಿದ್ದ ಹ್ಯಾಲೊಜೆನ್, ಸಿಎಫ್ಎಲ್ ಡೌನ್‌ಲೈಟುಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿವೆ. ಎಲೆಕ್ಟ್ರಿಷಿಯನ್ ಬರುತ್ತಾರೆ, ತೂತಿನ ಅಳತೆ ತೆಗೆದುಕೊಳ್ಳುತ್ತಾರೆ, ಆ ಅಳತೆಗೆ ಹೊಂದುವ ಎಲ್ಇಡಿ ತಂದು ಕೂರಿಸಿ ಹೋಗುತ್ತಾರೆ. ಅರ್ಧ ದಿನದ ಕೆಲಸ. ಆ ಅರ್ಧ ದಿನದಲ್ಲಿ ಯಾರೂ ಕೇಳದ ಪ್ರಶ್ನೆಯೊಂದು ಉಳಿದುಬಿಡುತ್ತದೆ: ಈ ಬೆಳಕು ಯಾರಿಗಾಗಿ, ಯಾವ ಕೆಲಸಕ್ಕಾಗಿ? ತೂತಿನ ಅಳತೆಗಿಂತ ಮೊದಲು ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಕೇಳಿಕೊಳ್ಳದೆ ಕೆಟ್ಟವನು ನಾನು; ಆದ್ದರಿಂದಲೇ ಹೇಳುತ್ತಿದ್ದೇನೆ.

ಹಳೆಯ ದೀಪಗಳನ್ನು ತೆಗೆಯಬೇಕೇ ಎಂಬ ಬಗ್ಗೆ ಚರ್ಚೆಯೇ ಬೇಕಿಲ್ಲ. ನಮ್ಮ ಹಜಾರದಲ್ಲಿ ಹಿಂದಿನ ಮಾಲೀಕರು ಹಾಕಿಸಿದ್ದ 11 ಡೌನ್‌ಲೈಟುಗಳಿದ್ದವು. ಪ್ರತಿಯೊಂದರಲ್ಲೂ 12 ವೋಲ್ಟಿನ, 50 ವಾಟಿನ ಹ್ಯಾಲೊಜೆನ್. ಅದಕ್ಕೆ ಸೀಲಿಂಗಿನ ಮೇಲ್ಗಡೆ ಒಂದೊಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಎಲ್ಲವನ್ನೂ ಹಚ್ಚಿದರೆ 550 ವಾಟ್. ದಿನಕ್ಕೆ 5 ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 82 ಯೂನಿಟ್ಟಿಗೂ ಹೆಚ್ಚು. 7 ವಾಟಿನ ಎಲ್ಇಡಿ ಹಾಕಿದರೆ ಅದೇ ಲೆಕ್ಕ 12 ಯೂನಿಟ್ಟಿನೊಳಗೆ ಮುಗಿಯುತ್ತದೆ. ಹ್ಯಾಲೊಜೆನ್ ಕುಡಿಯುವ ವಿದ್ಯುತ್ತಿನ ಬಹುಪಾಲು ಬೆಳಕಾಗುವುದಿಲ್ಲ, ಬಿಸಿಯಾಗುತ್ತದೆ. ದೀಪಗಳನ್ನು ಕೆಳಗಿಳಿಸಿದಾಗ ತಂತಿಗಳ ಹೊದಿಕೆ ಕಂದಿ, ಮುಟ್ಟಿದರೆ ಪುಡಿಯಾಗುವಂತಿತ್ತು. ಅಷ್ಟು ವರ್ಷ ಅದರ ಕೆಳಗೆ ನಿಶ್ಚಿಂತೆಯಿಂದ ಕುಳಿತಿದ್ದೆವಲ್ಲ ಎನಿಸಿತು.

ಎಲ್ಇಡಿಯ ಮಹತ್ವವನ್ನೂ ಅಲ್ಲಗಳೆಯುವಂತಿಲ್ಲ. ಬಿಳಿಯ ಬೆಳಕಿಗೆ ಬೇಕಾದ ನೀಲಿ ಎಲ್ಇಡಿಯನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶೂಜಿ ನಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಸಂದಿತು. ಮರುವರ್ಷವೇ ನಮ್ಮಲ್ಲಿ ಉಜಾಲಾ ಯೋಜನೆ ಆರಂಭವಾಗಿ, ಅಗ್ಗದ ಬಲ್ಬುಗಳು ಕೋಟಿಗಟ್ಟಲೆ ಮನೆಗಳನ್ನು ತಲುಪಿದವು. ನನ್ನ ತಕರಾರು ಎಲ್ಇಡಿಯ ಮೇಲಲ್ಲ, ಅದನ್ನು ನಾವು ಮನೆಗೆ ತರುವ ರೀತಿಯ ಮೇಲೆ.

ನಾನು ಮಾಡಿದ್ದು ಹೀಗೆ. ಮೊದಲು ಹಳೆಯ ಬಟ್ಟಲನ್ನು ಹಾಗೆಯೇ ಇಟ್ಟು, ಒಳಗಿನ ಹ್ಯಾಲೊಜೆನ್ನಿನ ಬದಲು ಅದೇ ಗಾತ್ರದ ಎಲ್ಇಡಿ ಸಿಕ್ಕಿಸಿ ನೋಡಿದೆ. ಅದು ಮಿಣುಕತೊಡಗಿತು. ಹ್ಯಾಲೊಜೆನ್ನಿಗಾಗಿ ಮಾಡಿದ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರುಗಳಲ್ಲಿ ಅನೇಕವು ಇಷ್ಟು ವಾಟಿನ ಹೊರೆಯಾದರೂ ಇಲ್ಲದಿದ್ದರೆ ಸರಿಯಾಗಿ ನಡೆಯವು. ಐದಾರು ವಾಟಿನ ಎಲ್ಇಡಿ ಅವುಗಳ ಪಾಲಿಗೆ ಹೊರೆಯೇ ಅಲ್ಲ. ಬೇಸತ್ತು, ಎಲ್ಲವನ್ನೂ ಕಿತ್ತುಹಾಕಿ, ಅದೇ 11 ತೂತುಗಳಿಗೆ ದೀಪ, ಬಟ್ಟಲು ಎಲ್ಲ ಒಂದೇ ಆಗಿರುವ ತೆಳು ಎಲ್ಇಡಿಗಳನ್ನು ಹಾಕಿಸಿದೆ. ಬಣ್ಣ ಅಂಗಡಿಯವರು ಕೊಟ್ಟದ್ದು: 6500 ಕೆಲ್ವಿನ್, ಅಂದರೆ ನೀಲಿ ಛಾಯೆಯ ಬಿಳುಪು. ಹಜಾರ ಆಸ್ಪತ್ರೆಯ ವರಾಂಡದಂತೆ ಥಳಥಳಿಸಿತು. ಬಂದವರೆಲ್ಲ ಮೆಚ್ಚಿದರು.

ಆ ವಾರವೇ ಅಮ್ಮ ಪುಸ್ತಕ ಮುಚ್ಚಿಟ್ಟರು. "ಇನ್ನು ನನ್ನ ಕಣ್ಣಿಗೆ ಓದು ಒಗ್ಗುವುದಿಲ್ಲಪ್ಪ" ಎಂದರು. ಹಿಂದಿನ ವರ್ಷವಷ್ಟೇ ಪೊರೆಯ ಶಸ್ತ್ರಚಿಕಿತ್ಸೆಯಾಗಿ, ಕಣ್ಣು ಚೆನ್ನಾಗಿದೆಯೆಂದು ವೈದ್ಯರು ಹೇಳಿದ್ದರು. ಮನೆಯಲ್ಲಿ ಹಿಂದೆಂದೂ ಇಲ್ಲದಷ್ಟು ಬೆಳಕಿತ್ತು. ಆದ್ದರಿಂದ ವಯಸ್ಸಿನ ದೋಷವೆಂದು ನಾವೂ ಒಪ್ಪಿಕೊಂಡೆವು. ನಮ್ಮ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದುವುದಿಲ್ಲ. ನಮಗೆ ಬಿಡುವಿಲ್ಲವೆಂಬ ನೆಪವಿದೆ. ದಿನವೂ ಕನ್ನಡ ಪುಸ್ತಕ ತೆರೆಯುತ್ತಿದ್ದುದು ಅಮ್ಮನೊಬ್ಬರೇ. ಹೊರನಾಡಿನ ಅದೆಷ್ಟೋ ಮನೆಗಳ ಸ್ಥಿತಿ ಇದಕ್ಕಿಂತ ಬೇರೆಯಿರಲಾರದು. ಅಂಥ ಮನೆಯಲ್ಲಿ ಹಿರಿಯರೊಬ್ಬರು ಪುಸ್ತಕ ಮುಚ್ಚಿದರೆಂದರೆ ಆ ಮನೆಯ ಕನ್ನಡದ ಓದೇ ನಿಂತಿತೆಂದು ಅರ್ಥ.

ಒಂದು ಸಂಜೆ ಅಮ್ಮನ ಜಾಗದಲ್ಲಿ ನಾನೇ ಪುಸ್ತಕ ಹಿಡಿದು ಕುಳಿತಾಗ ಕಾರಣ ತಿಳಿಯಿತು. ಡೌನ್‌ಲೈಟು ಬೆಳಕನ್ನು ಕೋಣೆಯ ತುಂಬ ಹರಡುವುದಿಲ್ಲ, ನೇರ ಕೆಳಕ್ಕೆ ಸುರಿಯುತ್ತದೆ. ಸೋಫಾದ ಮೇಲಿನ ದೀಪ ಓದುವವರ ನೆತ್ತಿಗೆ ಬಿದ್ದು, ಪುಟದ ಮೇಲೆ ತಲೆಯದೇ ನೆರಳನ್ನು ಚೆಲ್ಲುತ್ತಿತ್ತು. ಎದುರಿನ ಸಾಲಿನ ದೀಪಗಳು ಕಣ್ಣಿಗೆ ನೇರವಾಗಿ ರಾಚುತ್ತಿದ್ದವು. ರಾಚುವ ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ನೆರಳಿನಲ್ಲಿರುವ ಪುಟ ಇನ್ನಷ್ಟು ಮಂಕಾಗಿ ಕಾಣುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಚಾವಣಿಯ ದೀಪ ತಲೆಕೆಳಗಾಗಿ ನಿಂತು ನಿಜ ಮಾಡುತ್ತಿತ್ತು.

ಇದಕ್ಕೆ ವಯಸ್ಸೂ ಸೇರುತ್ತದೆ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಮಸೂರ ಮಾಸುತ್ತದೆ. ಅರವತ್ತು ದಾಟಿದವರ ಅಕ್ಷಿಪಟಕ್ಕೆ ತಲುಪುವ ಬೆಳಕು ಇಪ್ಪತ್ತರ ಹರೆಯದವರದರ ಸುಮಾರು ಮೂರನೇ ಒಂದು ಪಾಲು ಎಂದು ಹೇಳುತ್ತಾರೆ. ಶಸ್ತ್ರಚಿಕಿತ್ಸೆ ಮಾಸಿದ ಮಸೂರವನ್ನು ಬದಲಿಸಬಲ್ಲುದು, ಕಿರಿದಾದ ಪಾಪೆಯನ್ನಲ್ಲ. ನಮ್ಮ ಲಿಪಿಯ ಸೂಕ್ಷ್ಮವೂ ಒಂದಿದೆ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ, ಪ ಮತ್ತು ಫ ಇವುಗಳ ನಡುವಿನ ಅಂತರ ಅಕ್ಷರದ ಅಡಿಯ ಒಂದು ಸೀಳು ಮಾತ್ರ. ಒತ್ತಕ್ಷರಗಳಂತೂ ಸಾಲಿನ ಕೆಳಗೆ ಇನ್ನೂ ಚಿಕ್ಕದಾಗಿ ಕುಳಿತಿರುತ್ತವೆ. ಹಳೆಯ ಮುದ್ರಣದ, ಹಳದಿಗಟ್ಟಿದ ಕಾಗದದ ಪುಸ್ತಕವಾದರೆ ಇವನ್ನು ಗುರುತಿಸಲು ಬೆಳಕು ಪುಟದ ಮೇಲೆಯೇ ಬೀಳಬೇಕು. ಕೋಣೆಯಲ್ಲೆಲ್ಲೋ ಇದ್ದರೆ ಸಾಲದು.

ಪರಿಹಾರ ಚಾವಣಿಯಲ್ಲಿರಲಿಲ್ಲ. ಅಮ್ಮನ ಕುರ್ಚಿಯ ಪಕ್ಕಕ್ಕೆ, ಭುಜದ ಎತ್ತರಕ್ಕೆ ಬೆಳಕು ಬೀಳುವಂತೆ ಒಂದು ನಿಲುದೀಪ ತಂದಿಟ್ಟು, ಅದಕ್ಕೆ 9 ವಾಟಿನ ವಾರ್ಮ್ ವೈಟ್ ಬಲ್ಬು ಹಾಕಿದೆ. ಲೆಕ್ಕ ಸರಳ: ಬಿಡಿಬಲ್ಬೊಂದು ಪುಟದಿಂದ 6 ಅಡಿ ದೂರದಲ್ಲಿರುವುದರ ಬದಲು 2 ಅಡಿಗೆ ಬಂದರೆ ಪುಟಕ್ಕೆ ಬೀಳುವ ಬೆಳಕು ಒಂಬತ್ತು ಪಟ್ಟಾಗುತ್ತದೆ. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿ ದೀಪದ ಗೂಡು ಇರುತ್ತಿತ್ತು. ಓದುವವರು, ಹೊಲಿಯುವವರು ಬುಡ್ಡಿಯನ್ನು ತಾವಿದ್ದಲ್ಲಿಗೇ ತಂದುಕೊಳ್ಳುತ್ತಿದ್ದರು. ಆ ಮಂದ ದೀಪಗಳ ಕಾಲವನ್ನು ನಾನು ಕೊಂಡಾಡುತ್ತಿಲ್ಲ. ಅದು ಕಣ್ಣು ದಣಿಸಿದ ಕಾಲ. ಆದರೆ ದೀಪ ಮನುಷ್ಯನ ಬಳಿಗೆ ಬರುತ್ತಿತ್ತು ಎಂಬ ಒಂದು ವಿವೇಕ ಅದರಲ್ಲಿತ್ತು.

ಎರಡನೆಯ ಮಾತು, ದುರಸ್ತಿಯದು. ನಮ್ಮ ಓಣಿಕೋಣೆಗೆ ಮೂರು ವರ್ಷಗಳ ಹಿಂದೆಯೇ ಒಂದೇ ತುಂಡಿನ ಎಲ್ಇಡಿಗಳನ್ನು ಹಾಕಿಸಿದ್ದೆ. ಡಬ್ಬದ ಮೇಲೆ 25,000 ಗಂಟೆಯ ಬಾಳಿಕೆ ಎಂದಿತ್ತು. ದಿನಕ್ಕೆ 5 ಗಂಟೆಯಂತೆ ಅದು 13 ವರ್ಷಕ್ಕೂ ಹೆಚ್ಚು. ಎರಡು ದೀಪಗಳು ಮೂರನೆಯ ವರ್ಷವೇ ಆರಿದವು. ಇಂಥ ಕಡೆ ಮೊದಲು ಕೆಡುವುದು ಸಾಮಾನ್ಯವಾಗಿ ಎಲ್ಇಡಿಯಲ್ಲ, ಅದಕ್ಕೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಡ್ರೈವರ್. ಅದರೊಳಗಿನ ಕೆಪಾಸಿಟರುಗಳು ಬಿಸಿಗೆ ಒಣಗುತ್ತವೆ. ಆದರೆ ಎಲ್ಲವೂ ಒಂದೇ ತುಂಡಾದ್ದರಿಂದ ಎಲ್ಲವನ್ನೂ ಎಸೆಯಬೇಕು. ಆ ಮಾದರಿ ಅಂಗಡಿಯಲ್ಲಿ ಈಗ ಇಲ್ಲ; ಹೊಸದರ ಅಳತೆ ಕಾಲು ಇಂಚು ಬೇರೆ. ತೂತು ಕೊರೆಯಬೇಕು, ಇಲ್ಲವೇ ಪಿಒಪಿ ಮೆತ್ತಿ ಬಣ್ಣ ಬಳಿಯಬೇಕು. ಒಂದು ಬಲ್ಬು ಕೆಟ್ಟರೆ ಸ್ಟೂಲು ಹತ್ತಿ ತಿರುಗಿಸಿ ತೆಗೆಯುತ್ತಿದ್ದ ಮನೆಗೆ ಈಗ ಎಲೆಕ್ಟ್ರಿಷಿಯನ್, ಪೇಂಟರ್ ಇಬ್ಬರೂ ಬರಬೇಕು.

ಇದಕ್ಕೆ ಎದುರು ವಾದವೂ ಉಂಟು. ಒಂದೇ ತುಂಡಿನ ದೀಪ ತೆಳ್ಳಗಿರುತ್ತದೆ, ಸೀಲಿಂಗಿನ ಮೇಲೆ ಎರಡು ಮೂರು ಇಂಚು ಮಾತ್ರ ಜಾಗವಿದ್ದರೂ ಕೂರುತ್ತದೆ. ಚೆನ್ನಾಗಿ ಮಾಡಿದ್ದಾದರೆ ತನ್ನ ಬಿಸಿಯನ್ನು ತಾನೇ ಹೊರಹಾಕುತ್ತದೆ. ಹಳೆಯ ಮುಚ್ಚಿದ ಬಟ್ಟಲಿನಲ್ಲಿ ತುರುಕಿದ ಎಲ್ಇಡಿ ಬಲ್ಬು ಬಿಸಿಗೆ ಬೇಗ ಸಾಯುತ್ತದೆ. ಈ ಮಾತು ಸತ್ಯ. ಆದ್ದರಿಂದ ನನ್ನ ನಿಯಮ ಇಷ್ಟೇ: ಜಾಗ ಇದ್ದಲ್ಲಿ ಬಲ್ಬು ಬದಲಿಸಬಹುದಾದ, ಗಾಳಿಯಾಡುವ ಬಟ್ಟಲು, ಇಲ್ಲದಲ್ಲಿ ಡ್ರೈವರ್ ಪ್ರತ್ಯೇಕವಾಗಿದ್ದು, ಪಿನ್ನು ಕಳಚಿ ಬೇರೆಯದನ್ನು ಸಿಕ್ಕಿಸಬಹುದಾದ ದೀಪ. ಲೋಹಾರ್ ಚಾಳಿನ ಅಂಗಡಿಗಳಲ್ಲಿ ಕೇಳಿದರೆ ಎರಡೂ ಸಿಗುತ್ತವೆ. ಕೇಳದಿದ್ದರೆ ಅಗ್ಗದ್ದು ಕೈಗೆ ಬರುತ್ತದೆ.

ಕೊಳ್ಳುವ ಮುನ್ನ ಇನ್ನು ಕೆಲವನ್ನು ನೋಡಿಕೊಳ್ಳಬಹುದು. ಕೂರುವ, ಮಲಗುವ ಕೋಣೆಗಳಿಗೆ 3000 ಕೆಲ್ವಿನ್ ಸಾಕು. ಅಡುಗೆಮನೆಗೆ 4000 ಇದ್ದರೆ ಸರಿ. ಒಂದೇ ಕೋಣೆಯಲ್ಲಿ ಎರಡು ಬಣ್ಣ ಬೆರೆಯಬಾರದು. ಬಣ್ಣಗಳನ್ನು ಸಹಜವಾಗಿ ತೋರುವ ಸಿಆರ್‌ಐ ಅಂಕ 90ರ ಸಮೀಪವಿದ್ದರೆ ಮೇಲು. ಅಂಗಡಿಯಲ್ಲಿ ದೀಪ ಹಚ್ಚಿಸಿ ಫೋನಿನ ಕ್ಯಾಮೆರಾದಲ್ಲಿ ನೋಡಿದಾಗ ಕಪ್ಪು ಪಟ್ಟೆಗಳು ಓಡಿದರೆ ಆ ಡ್ರೈವರ್ ಮಿಣುಕುವ ಜಾತಿಯದು. ಹಾಸಿಗೆಯ ನೇರ ಮೇಲೆ ಡೌನ್‌ಲೈಟು ಬೇಡ. ಮಲಗಿದವರ ಕಣ್ಣಿಗೆ ಅದು ರಾಚುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರುಗಳನ್ನು ಸೀಲಿಂಗಿನ ಮೇಲೆ ಬಿಟ್ಟುಹೋಗಗೊಡದೆ ತೆಗೆಸಬೇಕು, ಕಂದಿದ ತಂತಿಯನ್ನು ಬದಲಿಸಬೇಕು. ಸಿಎಫ್ಎಲ್‌ಗಳಲ್ಲಿ ಪಾದರಸವಿರುವುದರಿಂದ ಅವನ್ನು ಒಡೆಯದೆ ಇ-ತ್ಯಾಜ್ಯಕ್ಕೆ ಕೊಡಬೇಕು.

ಬಾಡಿಗೆ ಮನೆಯಲ್ಲಿರುವವರಿಗೆ, ವರ್ಗಾವಣೆಯ ನೌಕರಿಯವರಿಗೆ ಚಾವಣಿಯನ್ನು ಮುಟ್ಟುವ ಅಧಿಕಾರವಿಲ್ಲ. ನಮ್ಮ ಓದುಗರಲ್ಲಿ ಅಂಥವರು ಬಹಳ. ಅವರಿಗೆ ಈ ವಾದ ಇನ್ನೂ ಹೆಚ್ಚು ಅನ್ವಯಿಸುತ್ತದೆ: ಒಳ್ಳೆಯ ಓದುದೀಪ ಪುಸ್ತಕದ ಪೆಟ್ಟಿಗೆಯೊಡನೆ ಪುಣೆಗೂ ಬರುತ್ತದೆ, ದೆಹಲಿಗೂ ಬರುತ್ತದೆ.

ಕೊನೆಗೆ ನಮ್ಮ ಹಜಾರದಲ್ಲಿ 11ರ ಪೈಕಿ 6 ತೂತುಗಳನ್ನು ಉಳಿಸಿ ಅವುಗಳ ದೀಪಗಳನ್ನು ಬದಲಿಸಿದೆವು, 5ನ್ನು ಪಿಒಪಿಯಿಂದ ಮುಚ್ಚಿಸಿದೆವು. ಎರಡು ಸಲ ಖರ್ಚು ಮಾಡಿದ್ದು ನನ್ನ ಅವಿವೇಕಕ್ಕೆ ತೆತ್ತ ದಂಡ. ಹಜಾರ ಕೊಂಚ ಮಬ್ಬಾಯಿತಲ್ಲ ಎಂದು ಬಂದವರು ಈಗ ಹೇಳುತ್ತಾರೆ. ಅವರು ಹಾಗೆನ್ನುವಾಗ ಅಮ್ಮ ಮೂಲೆಯ ದೀಪದ ಪಕ್ಕದಿಂದ ಒಮ್ಮೆ ತಲೆಯೆತ್ತಿ ನೋಡಿ, ಬೆರಳಿಟ್ಟಿದ್ದ ಸಾಲಿಗೆ ಮರಳುತ್ತಾರೆ.